ವಾರಕ್ಕೆ ಎಂಟು ಪದ

ಹೈಸ್ಕೂಲು ಮಕ್ಕಳ ಕನ್ನಡ ನೋಟ್‌ಬುಕ್ಕಿನಲ್ಲಿ ‘ಪದಗಳ ಅರ್ಥ’ ಅನ್ನುವ ಪುಟ ಇದ್ದೇ ಇರುತ್ತದೆ. ಎಡಕ್ಕೆ ಪದ, ನಡುವೆ ಸ್ಕೇಲಿಟ್ಟು ಎಳೆದ ಗೆರೆ, ಬಲಕ್ಕೆ ಅರ್ಥ. ವಾರಕ್ಕೆ ಇಪ್ಪತ್ತು ಪದ, ಒಂದೊಂದನ್ನೂ ಹತ್ತು ಸಲ ಬರೆದುಕೊಂಡು ಬರಬೇಕು. ಆ ಪುಟವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಗು ಮೊದಲು ‘ಉಪೇಕ್ಷೆ’ಯನ್ನು ಮೇಲಿಂದ ಕೆಳಗೆ ಹತ್ತು ಸಲ ಇಳಿಸಿರುತ್ತದೆ. ಆಮೇಲೆ ಗೆರೆಯ ಆಚೆ ‘ಕಡೆಗಣಿಸುವುದು’ ಅಂತ ಮತ್ತೆ ಮೇಲಿಂದ ಕೆಳಗೆ ಹತ್ತು ಸಲ. ಆರನೇ ಸಾಲಿನಲ್ಲಿ ಅದು ‘ಕಡೆಗಣಸುವುದು’ ಆಗಿ, ಅಲ್ಲಿಂದ ಕೆಳಗೆ ಅದೇ ತಪ್ಪು ಸಾಲುಗಟ್ಟಿರುತ್ತದೆ. ಪುಟ ತುಂಬಿತು, ಕೈ ನೋವು ಬಂತು. ಆದರೆ ಪದ ಮತ್ತು ಅರ್ಥ ಆ ಮಗುವಿನ ತಲೆಯೊಳಗೆ ಒಂದು ಸಲವೂ ಎದುರುಬದುರಾಗಲಿಲ್ಲ.

ಈ ಹೋಂವರ್ಕನ್ನು ಬಿಡಬೇಕಾಗಿಲ್ಲ, ರೀತಿ ಬದಲಿಸಿದರೆ ಸಾಕು. ದಾವಣಗೆರೆ, ಚಿತ್ರದುರ್ಗ ಕಡೆಯ ಕನ್ನಡ ಮಾಧ್ಯಮದ ಎಂಟು, ಒಂಬತ್ತು, ಹತ್ತನೇ ತರಗತಿಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಸಂಖ್ಯೆ. ವಾರಕ್ಕೆ ಎಂಟು ಪದ, ಅದಕ್ಕಿಂತ ಹೆಚ್ಚು ಬೇಡ. ಜೂನ್‌ನಿಂದ ಮಾರ್ಚ್‌ವರೆಗೆ ದಸರಾ ರಜೆ, ಪರೀಕ್ಷೆ, ಕ್ರೀಡಾಕೂಟ ಎಲ್ಲ ಕಳೆದರೆ ಇಂಥ ಕೆಲಸಕ್ಕೆ ಕೈಗೆ ಸಿಗುವುದು ಹೆಚ್ಚೂಕಡಿಮೆ 30 ವಾರ. ಎಂಟರ ಲೆಕ್ಕದಲ್ಲಿ ವರ್ಷಕ್ಕೆ 240 ಪದ, ಮೂರು ವರ್ಷಕ್ಕೆ 720. ಇಪ್ಪತ್ತರ ಲೆಕ್ಕದಲ್ಲಿ ವರ್ಷಕ್ಕೇ 600 ಆಗುತ್ತದಲ್ಲ ಅನ್ನಬಹುದು. ಆಗುವುದು ನೋಟ್‌ಬುಕ್ಕಿನಲ್ಲಿ. ಹೊಸ ಪದ ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಅದನ್ನು ಮತ್ತೆ ಮತ್ತೆ ಕೇಳಬೇಕು, ಕೇಳುವುದಕ್ಕೆ ಹೊತ್ತು ಬೇಕು. 1885ರಲ್ಲೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು ಪ್ರಕಟಿಸಿದ. ಮರೆವು ಮೊದಲ ಒಂದು ದಿನದಲ್ಲೇ ಬಲು ಜೋರು, ಆಮೇಲೆ ನಿಧಾನ. ಅಂದರೆ ಸೋಮವಾರ ಕೊಟ್ಟ ಪದವನ್ನು ಶನಿವಾರದ ತನಕ ಯಾರೂ ಕೇಳದಿದ್ದರೆ, ಮಗು ಶುಕ್ರವಾರ ರಾತ್ರಿ ಅದನ್ನು ಹೊಸದಾಗಿಯೇ ಕಲಿಯುತ್ತಿರುತ್ತದೆ.

ಯಾವ ಎಂಟು ಅನ್ನುವುದಕ್ಕೆ ಹೆಚ್ಚು ಯೋಚನೆ ಬೇಕು. ಪಾಠದಲ್ಲಿ ಕಷ್ಟವಾಗಿ ಕಂಡದ್ದೆಲ್ಲ ಕಲಿಯಬೇಕಾದ ಪದವಲ್ಲ. ಮತ್ತೆ ಎದುರಾಗುವ ಪದ ಮುಖ್ಯ: ಪೇಪರಿನಲ್ಲಿ, ವಿಜ್ಞಾನದ ಪುಸ್ತಕದಲ್ಲಿ, ತಾಲೂಕು ಕಚೇರಿಯ ಅರ್ಜಿಯಲ್ಲಿ. ‘ಪ್ರಮಾಣ’ ತೆಗೆದುಕೊಳ್ಳಿ. ಮಂತ್ರಿಗಳು ಪ್ರಮಾಣ ವಚನ ಸ್ವೀಕರಿಸುತ್ತಾರೆ, ಶಾಲೆಯಿಂದ ಪ್ರಮಾಣಪತ್ರ ಕೊಡುತ್ತಾರೆ, ಈ ವರ್ಷ ಮಳೆಯ ಪ್ರಮಾಣ ಕಡಿಮೆ. ಒಂದೇ ಪದ, ಒಂದು ಕಡೆ ಆಣೆ, ಒಂದು ಕಡೆ ಪುರಾವೆ, ಇನ್ನೊಂದು ಕಡೆ ಅಳತೆ. ವಿಜ್ಞಾನ ಅರ್ಥವಾಗಲಿಲ್ಲ ಅನ್ನುವ ಎಷ್ಟೋ ಮಕ್ಕಳಿಗೆ ಅರ್ಥವಾಗದೆ ಉಳಿದದ್ದು ‘ಪ್ರಮಾಣ’, ‘ಅನುಪಾತ’, ‘ಸವಕಳಿ’ ಇಂಥ ಕನ್ನಡ ಪದಗಳೇ. ಹೀಗಾಗಿ ಎಂಟರಲ್ಲಿ ನಾಲ್ಕು ಪಾಠದ್ದು, ಎರಡು ಪದ್ಯದ್ದು, ಒಂದು ನುಡಿಗಟ್ಟು, ಒಂದು ಮಗುವೇ ಮನೆಯಿಂದ ತಂದದ್ದು. ಈ ಹಂಚಿಕೆ ಸರಿಯಾಗಿ ನಡೆಯುತ್ತದೆ.

ಅವಳಿಜವಳಿಯಂತೆ ಕಾಣುವ ಪದಗಳನ್ನು ಮಾತ್ರ ಒಂದೇ ವಾರ ಕೊಡಬೇಡಿ. ‘ಅಪೇಕ್ಷೆ’ಯನ್ನೂ ‘ಉಪೇಕ್ಷೆ’ಯನ್ನೂ ಒಟ್ಟಿಗೆ ಕೊಟ್ಟರೆ ಮಗುವಿಗೆ ಉಳಿಯುವುದು ಎರಡರ ಗೊಂದಲ. ಒಂದು ಬಯಕೆ, ಇನ್ನೊಂದು ಕಡೆಗಣನೆ ಅಂತ ಗೊತ್ತಿರುತ್ತದೆ, ಯಾವುದು ಯಾವುದು ಅನ್ನುವುದು ಗೊತ್ತಿರುವುದಿಲ್ಲ. ‘ಅನುಗ್ರಹ’, ‘ನಿಗ್ರಹ’ಗಳ ಪಾಡೂ ಇದೇ. ಮೊದಲನೆಯದು ಗಟ್ಟಿಯಾಗಲಿ, ಮೂರು ವಾರ ಬಿಟ್ಟು ಎರಡನೆಯದನ್ನು ಕೊಟ್ಟು, ಆಗ ಬೇಕಾದರೆ ಪಕ್ಕಪಕ್ಕ ಇಟ್ಟು ತೋರಿಸಿ.

ಸೋಮವಾರ ಹದಿನೈದು ನಿಮಿಷ ಸಾಕು. ಬೋರ್ಡಿನ ಮೇಲೆ ಪದವನ್ನು ಒಂಟಿಯಾಗಿ ಬರೆಯುವುದಕ್ಕಿಂತ ಅದು ಪಾಠದಲ್ಲಿ ಬಂದ ಸಾಲನ್ನೇ ಬರೆಯಿರಿ, ಮಕ್ಕಳು ಊಹಿಸಲಿ. ತಪ್ಪು ಊಹೆಯೂ ಒಳ್ಳೆಯದೇ, ಊಹಿಸಿದ ಪದ ಕಿವಿಗೆ ಬಿದ್ದ ಪದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ. ಆಮೇಲೆ ಉಚ್ಚಾರ, ಒತ್ತಕ್ಷರ, ಮಹಾಪ್ರಾಣ. ಅವತ್ತೇ ಲ, ಳ ಕಡೆ ಕಿವಿ ಇರಲಿ. ‘ಕಲೆ’, ‘ಕಳೆ’ ಒಂದೇ ಆಗಿಬಿಟ್ಟರೆ ಮುಂದೆಲ್ಲ ಕೆಟ್ಟಿತು.

‘ಕಳೆ’ಯ ಮಾತು ಬಂದದ್ದರಿಂದ ಹೇಳುತ್ತೇನೆ, ಅದೊಂದೇ ಪದಕ್ಕೆ ಒಂದು ಪೀರಿಯಡ್ ಕೊಟ್ಟರೂ ನಷ್ಟವಿಲ್ಲ. ಚಳ್ಳಕೆರೆ ಕಡೆಯ ಮಗುವಿಗೆ ಶೇಂಗಾ ಹೊಲದ ಕಳೆ ಗೊತ್ತು, ರಜೆಯಲ್ಲಿ ಕಿತ್ತಿರುತ್ತದೆ. ಮದುಮಗಳ ಮುಖದಲ್ಲಿ ಕಳೆ ಇದೆ ಅಂದಾಗ ಅದು ಬೇರೆ ಕಳೆ, ಚಂದ್ರನ ‘ಕಲಾ’ದಿಂದ ಬಂದದ್ದು. ನೂರರಲ್ಲಿ ಮೂವತ್ತು ಕಳೆ ಅನ್ನುವುದು ಲೆಕ್ಕದ ಮಾತು. ರಜೆ ಕಳೆದೆವು, ಬಸ್ಸಿನಲ್ಲಿ ಪಾಸ್ ಕಳೆದುಕೊಂಡೆ, ಇವು ಮತ್ತೆ ಬೇರೆ. ‘ಕಳೆ = ನಿರುಪಯುಕ್ತ ಸಸ್ಯ’ ಎಂದು ಒಂದೇ ಅರ್ಥ ಬರೆಸಿ ಮುಂದೆ ಹೋದರೆ ಉಳಿದ ಬಾಗಿಲುಗಳನ್ನು ನಾವೇ ಮುಚ್ಚಿದಂತಾಗುತ್ತದೆ.

ಮಂಗಳವಾರ ಚೀಟಿ. ಹಳೆಯ ಲಗ್ನಪತ್ರಿಕೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಕಾಗದ ದಪ್ಪ, ಹಿಂಬದಿ ಖಾಲಿ. ಅಂಗೈಯಗಲ ಕತ್ತರಿಸಿ, ಒಳಗೆ ಅಚ್ಚಾಗಿದ್ದರೆ ಬಿಳಿ ಹಾಳೆ ಅಂಟಿಸಿ. ಒಂದು ಬದಿಗೆ ಪದ ಮಾತ್ರ. ಇನ್ನೊಂದು ಬದಿಗೆ ಅರ್ಥ, ಅದೂ ಮಗುವಿನ ಸ್ವಂತ ಮಾತಿನಲ್ಲಿ. ಗೈಡಿನಿಂದ ಇಳಿಸಿದರೆ ‘ವ್ಯೋಮ – ಗಗನ’, ‘ಅರುಹು – ನಿವೇದಿಸು’ ಅಂತ ಒಂದು ಬೀಗಕ್ಕೆ ಇನ್ನೊಂದು ಬೀಗ ಹಾಕಿದ ಹಾಗಾಗುತ್ತದೆ. ‘ಅರುಹು: ಗೊತ್ತಾಗುವ ಹಾಗೆ ಹೇಳು’ ಎಂದು ಮಗು ಬರೆದರೆ ಅದು ಅದರದ್ದೇ ಅರ್ಥ.

ಬುಧವಾರ ವಾಕ್ಯ. ಎಲ್ಲಕ್ಕಿಂತ ಹೆಚ್ಚು ಮೋಸ ನಡೆಯುವುದು ಇಲ್ಲೇ, ಮಕ್ಕಳು ಬೇಕೆಂದು ಮಾಡುವ ಮೋಸವಲ್ಲ. ‘ಸ್ವಂತ ವಾಕ್ಯದಲ್ಲಿ ಬಳಸಿ’ ಅಂದರೆ ‘ನಾನು ಸವಕಳಿಯನ್ನು ನೋಡಿದೆನು’ ಎಂದು ಬರೆದು ತರುತ್ತಾರೆ. ವ್ಯಾಕರಣ ಸರಿ, ಟಿಕ್ ಹಾಕಿ ಕಳಿಸುತ್ತೇವೆ. ಸವಕಳಿ ತೆಗೆದು ಅಲ್ಲಿ ‘ಆನೆ’ ಹಾಕಿ ನೋಡಿ. ವಾಕ್ಯ ಹಾಗೇ ನಿಂತರೆ ಅದು ಆ ಪದದ ವಾಕ್ಯವಲ್ಲ, ಖಾಲಿ ವಾಕ್ಯ. ‘ದಂಡೆಯ ಗಿಡ ಕಡಿದ ಮೇಲೆ ಎರಡೇ ಮಳೆಗೆ ಮಣ್ಣು ಸವಕಳಿಯಾಗಿ ಹೊಲದ ಬದು ಕುಸಿಯಿತು’ – ಇಲ್ಲಿ ಆನೆ ಕೂರುವುದಿಲ್ಲ. ಈ ‘ಆನೆ ಪರೀಕ್ಷೆ’ಯನ್ನು ಮಕ್ಕಳಿಗೇ ಕಲಿಸಿಬಿಡಿ, ಒಬ್ಬರ ವಾಕ್ಯವನ್ನು ಇನ್ನೊಬ್ಬರು ತಿದ್ದುತ್ತಾರೆ. ವಾಕ್ಯದಲ್ಲಿ ‘ಯಾಕೆ’, ‘ಯಾವಾಗ’, ‘ಹೇಗೆ’ ಇವುಗಳಲ್ಲಿ ಒಂದಕ್ಕಾದರೂ ಉತ್ತರ ಇರಬೇಕು ಅಂತ ಹೇಳಿದರೆ ಖಾಲಿ ವಾಕ್ಯಗಳು ಬಹುಮಟ್ಟಿಗೆ ನಿಲ್ಲುತ್ತವೆ.

ವಾಕ್ಯದ ಜೊತೆ ಪದದ ಜೊತೆಗಾರ ಕ್ರಿಯಾಪದವನ್ನೂ ಬರೆಸಬೇಕು. ಸವಕಳಿ ‘ಆಗುತ್ತದೆ’. ಹರಕೆ ‘ಹೊರುತ್ತೇವೆ’, ಆಮೇಲೆ ‘ತೀರಿಸುತ್ತೇವೆ’. ಪಟ್ಟು ‘ಹಿಡಿಯುತ್ತೇವೆ’. ನಿಟ್ಟುಸಿರು ‘ಬಿಡುತ್ತೇವೆ’. ಅರ್ಥ ಗೊತ್ತಿದ್ದೂ ‘ಹರಕೆ ಮಾಡಿದರು’, ‘ನಿಟ್ಟುಸಿರು ಹಾಕಿದಳು’ ಎಂದು ಬರೆಯುವ ಮಕ್ಕಳಿಗೆ ಕೊರತೆಯಾಗಿರುವುದು ಈ ಜೊತೆಗಾರನೇ. ಯಾವ ಗೈಡಿನ ಪದಪಟ್ಟಿಯೂ ಇದನ್ನು ಕೊಡುವುದಿಲ್ಲ.

ಗುರುವಾರ ಐದೇ ನಿಮಿಷ. ಪಕ್ಕದವರ ಚೀಟಿ ಹಿಡಿದು ಕೇಳುವುದು, ಪದ ತೋರಿಸಿ ಅರ್ಥ, ಆಮೇಲೆ ಅರ್ಥ ತೋರಿಸಿ ಪದ. ಎರಡನೆಯದು ಕಷ್ಟ, ಬರೆಯುವಾಗ ಕೈಗೆ ಬರುವುದು ಅದರಿಂದಲೇ.

ಇನ್ನು ನಿಘಂಟು. ಶಾಲೆಯ ಬೀರುವಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಒಂದಿದ್ದರೆ ಹೈಸ್ಕೂಲಿಗೆ ಸಾಕು. ಪರಿಷತ್ತಿನ ಎಂಟು ಸಂಪುಟಗಳ ದೊಡ್ಡದು ಮೇಷ್ಟ್ರಿಗೆ. ಫೋನಿನಲ್ಲಿ ಭಾರತವಾಣಿ ಇದೆ, ಅಲರ್ ಇದೆ. ಅಲರ್‌ನಲ್ಲಿ ಅರ್ಥ ಇಂಗ್ಲಿಷಿನಲ್ಲಿ ಬರುತ್ತದೆ, ಕನ್ನಡ ಪದಕ್ಕೆ ಕನ್ನಡದ ಅರ್ಥ ಬೇಕಾದ ಮಗುವಿಗೆ ಅದು ಸುತ್ತುದಾರಿ. ಆದರೆ ಪುಸ್ತಕ ಕೊಟ್ಟು ‘ಹುಡುಕು’ ಅಂದರೆ ಮಕ್ಕಳು ಸೋಲುವುದು ಮೂರು ಕಡೆ, ಮೂರನ್ನೂ ಮೊದಲೇ ಹೇಳಿಕೊಡಬೇಕು.

ಗೋಡೆಯ ಚಾರ್ಟಿನಲ್ಲಿ ಕ್ಷ, ಜ್ಞ ಕೊನೆಯಲ್ಲಿರುತ್ತವೆ. ಮಗು ‘ಕ್ಷಮೆ’ಯನ್ನು ಳಕಾರ ಮುಗಿದ ಮೇಲೆ ಹುಡುಕಿ ‘ಇಲ್ಲ ಸಾರ್’ ಅನ್ನುತ್ತದೆ. ಅದು ಇರುವುದು ಕಕಾರದ ಕೊನೆಯಲ್ಲಿ, ‘ಜ್ಞಾನ’ ಜಕಾರದಲ್ಲಿ. ಸೊನ್ನೆ ಇರುವ ಪದಗಳು ಮೊದಲು ಬರುತ್ತವೆ, ‘ಅಕ್ಕ’ನಿಗಿಂತ ಮುಂಚೆ ‘ಅಂಗಡಿ’. ಇದು ಒಂದು. ಎರಡನೆಯದು, ನಿಘಂಟಿನಲ್ಲಿ ಇರುವುದು ಧಾತು, ಪದ್ಯದಲ್ಲಿ ಇರುವುದು ಅದರ ರೂಪ. ‘ಕೊಂದನು’ ಸಿಗುವುದಿಲ್ಲ, ‘ಕೊಲ್ಲು’ ಸಿಗುತ್ತದೆ. ‘ನೊಂದಳು’ ಅಂದರೆ ‘ನೋಯು’. ‘ಹೊತ್ತನು’ ಕಂಡರೆ ‘ಹೊರು’, ಹೊತ್ತು-ಗೊತ್ತಿನ ಹೊತ್ತಲ್ಲ. ‘ವರವನಿತ್ತನು’ ಎಂಬಲ್ಲಿ ‘ಇತ್ತನು’ ಬಂದರೆ ಮಗು ‘ಇರು’ ಅಂದುಕೊಳ್ಳುತ್ತದೆ, ಅಲ್ಲಿರುವ ಧಾತು ಒಂದೇ ಅಕ್ಷರದ ‘ಈ’, ಕೊಡು ಎಂದು ಅರ್ಥ.

ಮೂರನೆಯದು ಸಂಧಿ, ಇದಕ್ಕೆ ‘ಕಂಬನಿ’ ಒಳ್ಳೆಯ ಉದಾಹರಣೆ. ಅದರಲ್ಲಿ ‘ಕಂಬ’ ಕಾಣುತ್ತದೆ, ಕಂಬಕ್ಕೂ ಅಳುವಿಗೂ ಏನು ಸಂಬಂಧ ಎಂದು ಮಗು ತಬ್ಬಿಬ್ಬಾಗುತ್ತದೆ. ಬಿಡಿಸಿ ತೋರಿಸಿ: ಕಣ್ + ಪನಿ. ಪಕಾರ ಬಕಾರವಾಯಿತು, ಆದೇಶ ಸಂಧಿ. ಪನಿ ಅಂದರೇನು? ಹಳಗನ್ನಡದ ಎಷ್ಟೋ ಪಕಾರಗಳು ಹೊಸಗನ್ನಡಕ್ಕೆ ಬರುವಾಗ ಹಕಾರವಾದವು. ಪಾಲು ಹಾಲಾಯಿತು, ಪುಲಿ ಹುಲಿ, ಪಾವು ಹಾವು, ಪಳ್ಳಿ ಹಳ್ಳಿ, ಪೋಗು ಹೋಗು. ಹಾಗೆ ಪನಿ ಅಂದರೆ ಹನಿ, ಕಂಬನಿ ಅಂದರೆ ಕಣ್ಣಿನ ಹನಿ. ಇಷ್ಟು ತಿಳಿದ ಮಗುವಿಗೆ ‘ಕಂಬನಿ = ಕಣ್ಣೀರು’ ಎಂದು ಹತ್ತು ಸಲ ಬರೆಸಬೇಕಾಗಿಲ್ಲ. ಜೊತೆಗೆ ಹಳಗನ್ನಡ ಪದ್ಯದ ಹತ್ತಿಪ್ಪತ್ತು ಪದಗಳ ಬಾಗಿಲು ಆ ಒಂದೇ ಕೀಲಿಯಿಂದ ತೆರೆಯುತ್ತದೆ. ಇನ್ನೂ ಒಂದು ಚೆಂದ ಇದೆ. ‘ಪಡೆ’ ಎರಡೂ ಆಗಿ ಉಳಿಯಿತು. ಬಹುಮಾನ ಪಡೆಯುತ್ತೇವೆ, ತಾಯಿ ಮಗುವನ್ನು ಹಡೆಯುತ್ತಾಳೆ. ‘ಹಡೆದವ್ವ’ ಅನ್ನುವ ಮಾತಿನೊಳಗೆ ಪಡೆದವಳು ಇದ್ದಾಳೆ ಎಂದು ತಿಳಿದಾಗ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ.

ವರ್ಷಕ್ಕೆ ಎರಡು ಮೂರು ವಾರವಾದರೂ ಪದಗಳನ್ನು ಪುಸ್ತಕದಿಂದ ತೆಗೆದುಕೊಳ್ಳದೆ ಊರಿನಿಂದ ತೆಗೆದುಕೊಳ್ಳಬೇಕು. ದುರ್ಗದ ಶಾಲೆಗಳಿಗೆ ಕೋಟೆಯೇ ಪದಕೋಶ. ಕೊತ್ತಲ, ಕಂದಕ, ಕಿಂಡಿ, ಬತೇರಿ, ಮದ್ದು, ಹೊಂಡ, ಕೊಳ, ಕಣಜ, ಎಂಟಾಯಿತು. ಹತ್ತಿರದ ಪದಗಳನ್ನು ಒಟ್ಟಿಗೆ ಕೊಡಬೇಡಿ ಎಂದೆನಲ್ಲ, ಕಣ್ಣೆದುರು ನಿಂತು ನೋಡಿದ ವಸ್ತುಗಳಿಗೆ ಆ ತೊಂದರೆ ಇಲ್ಲ, ಜಾಗವೇ ಅವನ್ನು ಬೇರೆ ಬೇರೆ ಇಡುತ್ತದೆ. ಕೊತ್ತಲಕ್ಕೆ ಬುರುಜು ಅಂತಲೂ ಅನ್ನುತ್ತೇವೆ. ಕೊತ್ತಲ ಕನ್ನಡದ ಹಳೆಯ ಪದ, ಬುರುಜು ಮತ್ತು ಕಂದಕ ಅರಬ್ಬಿ-ಪಾರಸಿ ಕಡೆಯಿಂದ ಬಂದವು. ಮದ್ದು ಬೀಸುವ ಕಲ್ಲಿನ ಎದುರು ನಿಂತಾಗ ‘ಮದ್ದು’ ಔಷಧಿಯೂ ಹೌದು, ಸಿಡಿಮದ್ದೂ ಹೌದು, ಕೈಮದ್ದೂ ಹೌದು ಎಂದು ಕೇಳಿಸಿ. ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಿದ ಮಗು ‘ಕೃಷಿ ಹೊಂಡ’ವನ್ನು ತಾನೇ ಅರ್ಥ ಮಾಡಿಕೊಳ್ಳುತ್ತದೆ. ದುರ್ಗದ ಮಕ್ಕಳಿಗೆಲ್ಲ ‘ಒನಕೆ’ ಗೊತ್ತು, ಓಬವ್ವನ ಕತೆ ಆ ಪದವನ್ನು ಉಳಿಸಿಕೊಂಡಿದೆ. ಒನಕೆಯ ಜೊತೆ ಮನೆಯಲ್ಲಿದ್ದ ಒರಳು, ಕೇರುವುದು, ತೂರುವುದು, ಜೊಳ್ಳು ಇವಕ್ಕೆ ಕತೆ ಇಲ್ಲದೆ ಹೋಯಿತು, ಅವು ಮಕ್ಕಳ ಬಾಯಿಂದ ಜಾರುತ್ತಿವೆ. ಇವನ್ನು ಹುಡುಕಿ ಕೊಡಬೇಕಾದವರು ನಾವೇ.

ಕೆರೆಯ ಪದಗಳೂ ಹಾಗೇ. ಏರಿ, ತೂಬು, ಹೂಳು, ಕೋಡಿ. ಚನ್ನಗಿರಿ ತಾಲೂಕಿನವರಿಗೆ ಶಾಂತಿಸಾಗರವೇ ಪಾಠ. ಚಿತ್ರದುರ್ಗ ಜಿಲ್ಲೆಯಲ್ಲಿ 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಆ ಪದ ಮನೆಮನೆಯ ಮಾತಾಯಿತು. ಕೋಡಿ ನೋಡಿದ ಮಗುವಿಗೆ ‘ಕಣ್ಣೀರ ಕೋಡಿ ಹರಿಯಿತು’ ಎಂಬ ಸಾಲನ್ನು ವಿವರಿಸಬೇಕಾಗಿಲ್ಲ. ಕಂಬನಿ ಹನಿ, ಇದು ತುಂಬಿ ಹೊರಬಿದ್ದ ಹೊಳೆ.

ಮನೆಯಿಂದ ಒಂದು ಪದ ಅನ್ನುವುದಕ್ಕೆ ನಿಯಮ ಒಂದೇ: ಯಾರಿಂದ ಕೇಳಿದ್ದು, ಯಾವ ಕೆಲಸ ಮಾಡುವಾಗ ಹೇಳಿದ್ದು ಎಂದು ಬರೆಯಬೇಕು. ಮೊಳಕಾಲ್ಮೂರಿನ ನೇಕಾರರ ಮನೆಯ ಮಗು ‘ಹಾಸು’, ‘ಹೊಕ್ಕು’, ‘ಲಾಳಿ’ ತಂದರೆ, ಪುಸ್ತಕದ ‘ಹಾಸುಹೊಕ್ಕಾಗಿದೆ’ ಎಂಬ ಮಾತು ತರಗತಿಗೆಲ್ಲ ಒಮ್ಮೆಗೇ ಬೆಳಕಾಗುತ್ತದೆ: ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು, ಬಿಡಿಸಿದರೆ ಬಟ್ಟೆ ಉಳಿಯುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕಡೆಯ ಮಗು ‘ಮಂಡಕ್ಕಿ’ ತಂದರೆ ನಕ್ಕು ಬಿಡಬೇಡಿ. ಅದನ್ನೇ ಮೈಸೂರು ಕಡೆ ಪುರಿ, ಧಾರವಾಡ ಕಡೆ ಚುರುಮುರಿ ಅನ್ನುತ್ತಾರೆ. ಸಮಾನಾರ್ಥಕ ಪದ ಅಂದರೇನು ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ದಾವಣಗೆರೆ ಎರಡೂ ಕಡೆಯ ಕನ್ನಡ ಸೇರುವ ಊರು, ಇಂಥ ಜೋಡಿಗಳು ಒಂದೇ ಬೆಂಚಿನಲ್ಲಿ ಸಿಗುತ್ತವೆ.

ಹಳೆಯ ಚೀಟಿಗಳನ್ನು ಬಿಸಾಡದೆ ಮೂರು ಡಬ್ಬಗಳಲ್ಲಿ ಇಡಬೇಕು, ಮಿಠಾಯಿ ಡಬ್ಬ ಆದೀತು. ಹೊಸ ಚೀಟಿ ಮೊದಲ ಡಬ್ಬಕ್ಕೆ, ಅದನ್ನು ದಿನಾ ನೋಡಬೇಕು. ಎರಡು ದಿನ ಸರಿ ಹೇಳಿದ ಪದ ಎರಡನೇ ಡಬ್ಬಕ್ಕೆ, ಅದು ವಾರಕ್ಕೊಮ್ಮೆ. ಅಲ್ಲೂ ಎರಡು ಸಲ ಸರಿಯಾದರೆ ಮೂರನೆಯದಕ್ಕೆ, ಅದು ತಿಂಗಳಿಗೊಮ್ಮೆ. ಯಾವ ಡಬ್ಬದಲ್ಲಿ ತಪ್ಪಿದರೂ ಸೀದಾ ಮೊದಲನೆಯದಕ್ಕೆ ವಾಪಸ್. ಹೀಗೆ ಡಬ್ಬ ಬದಲಿಸುವ ಪದ್ಧತಿಯನ್ನು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬಾತ ಜರ್ಮನ್ ಓದುಗರಿಗೆ ಪರಿಚಯಿಸಿದ. ಇದಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ಡಬ್ಬದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಚೀಟಿ ಸೇರಿದರೆ ಆ ವಾರ ಆ ಮಗುವಿಗೆ ಹೊಸ ಪದ ಕೊಡಬೇಡಿ. ಮಕ್ಕಳು ಎಡವುವುದು ಒಂದು ಕಡೆ: ಚೀಟಿ ತಿರುಗಿಸಿ ಅರ್ಥ ನೋಡಿದ ಮೇಲೆ ‘ಹೌದು, ಗೊತ್ತಿತ್ತು’ ಅನ್ನುತ್ತಾರೆ. ಬಾಯಿ ಬಿಟ್ಟು ಹೇಳಿದ ಮೇಲೆಯೇ ತಿರುಗಿಸಬೇಕು.

ಶನಿವಾರ ಬೆಳಗಿನ ಶಾಲೆ, ಟೆಸ್ಟಿಗೆ ಇಪ್ಪತ್ತು ನಿಮಿಷ. ಎಂಟು ಹೊಸದು, ನಾಲ್ಕು ಹಳೆಯದು, ಒಟ್ಟು ಹನ್ನೆರಡು. ಕೊಟ್ಟ ಕ್ರಮದಲ್ಲೇ ಕೇಳಬೇಡಿ, ಮಕ್ಕಳು ಸಾಲನ್ನೇ ಬಾಯಿಪಾಠ ಮಾಡಿರುತ್ತಾರೆ, ಮೂರನೆಯದು ಬಿಟ್ಟರೆ ಮುಂದಿನದೆಲ್ಲ ಒಂದೊಂದು ಮನೆ ಜಾರುತ್ತದೆ. ಪದಕ್ಕೆ ಎರಡು ಅಂಕ: ಅರ್ಥಕ್ಕೊಂದು, ಬಳಕೆಗೊಂದು. ಒತ್ತಕ್ಷರ ತಪ್ಪಿದರೆ ಅರ್ಧ ಅಂಕ ಕಳೆಯಿರಿ, ಒಂದೇ ತಪ್ಪಿಗೆ ಎರಡು ಕಡೆ ಕಳೆಯಬೇಡಿ.

ತಿದ್ದುವ ಹೊರೆಯಿಂದಲೇ ಎಷ್ಟೋ ಶಾಲೆಗಳಲ್ಲಿ ಈ ಕೆಲಸ ಆಗಸ್ಟ್‌ಗೆ ನಿಂತುಹೋಗುತ್ತದೆ. ನಲವತ್ತು ಮಕ್ಕಳು, ಎಂಟೆಂಟು ವಾಕ್ಯ ಅಂದರೆ ವಾರಕ್ಕೆ 320 ವಾಕ್ಯ, ಯಾವ ಮೇಷ್ಟ್ರಿಗೂ ಆಗದ ಮಾತು. ಎಂಟರಲ್ಲಿ ಎರಡು ಪದಗಳನ್ನು ಚೀಟಿ ಎತ್ತಿ ಆರಿಸಿ, ಆ ಎರಡರ ವಾಕ್ಯ ಮಾತ್ರ ಓದಿ. 80 ಆಗುತ್ತದೆ, ಒಂದು ಬಿಡುವಿನ ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಯಾವ ಎರಡು ಎಂದು ಮಕ್ಕಳಿಗೆ ಮೊದಲೇ ಗೊತ್ತಿಲ್ಲದ ಕಾರಣ ಎಂಟನ್ನೂ ನೆಟ್ಟಗೆ ಬರೆಯುತ್ತಾರೆ.

ಇಂಗ್ಲಿಷ್ ಪದಗಳಿಗೂ ಕ್ರಮ ಇದೇ, ಆದರೆ ಅಲ್ಲಿ ಉಚ್ಚಾರ ಮೊದಲು. ಪದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದು ತಪ್ಪಲ್ಲ. ಮೇಷ್ಟ್ರು ಹೇಳುವ ಮೊದಲೇ ಅಕ್ಷರ ನೋಡಿ ಬರೆದುಕೊಂಡರೆ ‘ಡೆಟ್’ ಅನ್ನುವುದು ‘ಡೆಬ್ಟ್’ ಆಗಿ ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ.

ಓದು ಬಾರದ ಅಪ್ಪ-ಅಮ್ಮ ಏನು ಮಾಡಲಿ ಎಂದು ಕೇಳುತ್ತಾರೆ. ರಾತ್ರಿ ಊಟದ ಹೊತ್ತಿಗೆ ‘ಇವತ್ತಿನ ಪದ ಯಾವುದಪ್ಪ, ಹಂಗಂದ್ರೆ ಏನು?’ ಅಂದರೆ ಸಾಕು. ಮಗು ಹೇಳಿದ್ದು ಅವರಿಗೆ ಅರ್ಥವಾಗದಿದ್ದರೆ ಅರ್ಥ ಮಗುವಿಗೇ ಸರಿಯಾಗಿ ಕೂತಿಲ್ಲ ಅಂತ, ಇನ್ನೊಂದು ಸಲ ಬೇರೆ ಮಾತಿನಲ್ಲಿ ಹೇಳಲಿ. ಅಜ್ಜಿ ಇದ್ದ ಮನೆಯಲ್ಲಿ ಹಲವು ಪದ ತಿರುಗಿ ಬರುತ್ತವೆ, ‘ಅದಕ್ಕೆ ನಾವು ಹಿಂಗಂತಿದ್ವಿ’ ಎಂದು. ಮುಂದಿನ ಸೋಮವಾರದ ಎಂಟನೇ ಪದ ಅದೇ.

ವಾರ ತಪ್ಪುವುದೂ ಇದೆ. ಜ್ವರ ಬರುತ್ತದೆ, ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಹೊಲಕ್ಕೆ ಹೋಗುತ್ತಾರೆ, ಮಾರ್ಚ್ ಹೊತ್ತಿಗೆ ನಾಯಕನಹಟ್ಟಿ ಜಾತ್ರೆ. ಬಂದ ಮೇಲೆ ಹದಿನಾರು ಪದ ಕೊಟ್ಟು ಸರಿದೂಗಿಸಲು ಹೋಗಬೇಡಿ. ಬಿಟ್ಟುಹೋದ ಎಂಟರಲ್ಲಿ ಬೇಕೇ ಬೇಕಾದ ಎರಡನ್ನು ಆರಿಸಿ ಈ ವಾರದ ಎಂಟರೊಳಗೇ ಸೇರಿಸಿ, ಈ ವಾರದ ಎರಡನ್ನು ತೆಗೆದುಬಿಡಿ. ಜಾತ್ರೆಯಿಂದ ಬಂದ ಮಗುವಿಗೆ ಆ ವಾರ ಮನೆಯ ಪದದ ಬದಲು ಜಾತ್ರೆಯ ಪದ: ತೇರು, ಮಿಣಿ, ಗಾಲಿ, ಕಳಸ. ಯಾವುದನ್ನು ಯಾರು ಏನೆಂದು ಕರೆದರು ಎಂದು ಬರೆದುಕೊಂಡು ಬರಲಿ.